ಸರ್ವರ್ ಮಾತು ನಿಲ್ಲಿಸಿದ್ದು: ಒಂದು ಲಾಗಿಂಗ್ ಡಿಕ್ಷನರಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ರಾಜ್ಯದ ಜಿಲ್ಲಾ ಕೇಂದ್ರವೊಂದರ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ. ಕೆಲವು ಖಾಸಗಿ ಕಾಲೇಜುಗಳ ಪರವಾಗಿ ಶುಲ್ಕವನ್ನು ಆನ್‌ಲೈನಿನಲ್ಲಿ ಕಟ್ಟಿಸಿಕೊಂಡು, ಪೋಷಕರಿಗೆ ರಸೀದಿ ಕಳಿಸಿ, ದಿನದ ಕೊನೆಗೆ ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಜಮಾ ಪಟ್ಟಿ ಒದಗಿಸುವುದು ಅದರ ತಂತ್ರಾಂಶದ ಕೆಲಸ. ಸಂಸ್ಥೆ, ಕಾಲೇಜು, ಪಾವತಿ ಗೇಟ್‌ವೇ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಹಿಡಿಯಬಹುದಾದ ವಿವರಗಳನ್ನು ಕೈಬಿಡಲಾಗಿದೆ ಅಥವಾ ಬದಲಿಸಲಾಗಿದೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಇದೇ ಜೋಡಣೆಯನ್ನು ಬಳಸುವ ತಂಡಗಳು ನಮ್ಮಲ್ಲಿ ಬಹಳ ಇವೆ. ಹೊರಗಿನ ಸಲಹೆಗಾರನಾಗಿ ನಾನು ಈ ಕೆಲಸದಲ್ಲಿ ಸೇರಿಕೊಂಡದ್ದು ತಂಡ ತನ್ನ ಮೊದಲ ಪರಿಹಾರವನ್ನು ಹಾಕಿ, ಅದು ಅರ್ಧ ಮಾತ್ರ ಕೆಲಸ ಮಾಡಿದ ಮೇಲೆ.

ತಂತ್ರಾಂಶ ಪೈಥಾನ್‌ನಲ್ಲಿದೆ. ಫ್ಲಾಸ್ಕ್ ಚೌಕಟ್ಟು, ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರೊಂದಿಗೆ ವ್ಯವಹರಿಸಲು ಎಸ್‌ಕ್ಯೂಎಲ್‌ಆಲ್ಕೆಮಿ, ಕೋಷ್ಟಕಗಳ ರಚನೆ ಬದಲಾದಾಗ ಮೈಗ್ರೇಶನ್ ಮಾಡಲು ಅಲೆಂಬಿಕ್. ಇಷ್ಟನ್ನೂ ಗೂನಿಕಾರ್ನ್ ಎಂಬ ಸರ್ವರ್ ನಾಲ್ಕು ವರ್ಕರ್‌ಗಳಲ್ಲಿ, ಅಂದರೆ ಪ್ರತ್ಯೇಕ ಪ್ರಕ್ರಿಯೆಗಳಲ್ಲಿ, ಓಡಿಸುತ್ತದೆ; ಅದರ ಮುಂದೆ, ಹೊರಗಿನ ಕರೆಗಳನ್ನು ಮೊದಲು ಪಡೆಯುವ ಎಂಜಿನ್‌ಎಕ್ಸ್ ಇದೆ. ವರ್ಷದ ಆರಂಭದ ಒಂದು ಬಿಡುಗಡೆಯಲ್ಲಿ ತಂಡ ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿತ್ತು. ಲಾಗಿಂಗ್ ವ್ಯವಸ್ಥೆಯನ್ನು (ತಂತ್ರಾಂಶ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆದಿಡುವ ವ್ಯವಸ್ಥೆ) ಹೊಂದಿಸುತ್ತಿದ್ದ ಒಂದೇ ಸಾಲಿನ ಬೇಸಿಕ್‌ಕಾನ್ಫಿಗ್ ಕರೆಯನ್ನು ತೆಗೆದು, ಅದನ್ನು ಡಿಕ್ಷನರಿಯ (ಕೀ ಎಂಬ ಹೆಸರು, ಅದಕ್ಕೊಂದು ಬೆಲೆ, ಹೀಗೆ ಜೋಡಿಗಳಿರುವ ಪಟ್ಟಿ) ಮೂಲಕ ಹೊಂದಿಸಿದ್ದು ಮೊದಲನೆಯದು. ಸೇವೆ ಪ್ರಾರಂಭವಾಗುವಾಗಲೇ ಅಲೆಂಬಿಕ್ ಮೈಗ್ರೇಶನ್ ತಾನಾಗಿ ನಡೆಯುವಂತೆ ಮಾಡಿದ್ದು ಎರಡನೆಯದು. ಎರಡೂ ಬೇರೆ ಬೇರೆ ವ್ಯಕ್ತಿಗಳ ಕೆಲಸ. ಎರಡಕ್ಕೂ ಸಂಬಂಧವಿದೆ ಎಂದು ಆಗ ಯಾರಿಗೂ ಅನ್ನಿಸುವ ಕಾರಣವಿರಲಿಲ್ಲ.

ಪೈಥಾನ್‌ನ ಲಾಗಿಂಗ್ ಮಾಡ್ಯೂಲ್ 2003ರ 2.3ನೇ ಆವೃತ್ತಿಯಿಂದ ಭಾಷೆಯೊಂದಿಗೇ ಬರುತ್ತಿದೆ. ಆರಂಭದಲ್ಲಿ ಅದನ್ನು ಹೊಂದಿಸಲು ಇದ್ದದ್ದು ಎರಡು ದಾರಿ: ಕೋಡಿನಲ್ಲೇ ಒಂದೊಂದಾಗಿ ಬರೆಯುವುದು, ಇಲ್ಲವೇ ಐಎನ್ಐ ಮಾದರಿಯ ಫೈಲನ್ನು ಫೈಲ್‌ಕಾನ್ಫಿಗ್ ಎಂಬ ಫಂಕ್ಷನ್ನಿಗೆ ಕೊಡುವುದು. ಫೈಲ್ ಮಾದರಿಯಲ್ಲಿ, ಸಂದೇಶಗಳನ್ನು ತಡೆಯುವ ಅಥವಾ ತಿದ್ದುವ ಫಿಲ್ಟರ್‌ಗಳನ್ನು ಹೇಳಲು ಜಾಗವೇ ಇರಲಿಲ್ಲ. ಪೈಥಾನ್‌ನ ಸುಧಾರಣಾ ಪ್ರಸ್ತಾವ ಪಿಇಪಿ 391ರಂತೆ 2.7 ಮತ್ತು 3.2ನೇ ಆವೃತ್ತಿಗಳಲ್ಲಿ ಡಿಕ್ಟ್‌ಕಾನ್ಫಿಗ್ ಎಂಬ ಫಂಕ್ಷನ್ ಬಂದ ಮೇಲೆ, ಫಾರ್ಮ್ಯಾಟರ್ (ಸಾಲಿನ ರೂಪ ನಿರ್ಧರಿಸುವುದು), ಫಿಲ್ಟರ್, ಹ್ಯಾಂಡ್ಲರ್ (ಸಾಲನ್ನು ಫೈಲಿಗೋ ತೆರೆಗೋ ಬರೆಯುವುದು), ಲಾಗರ್ (ಕೋಡು ತನ್ನ ಸಂದೇಶವನ್ನು ಕೊಡುವ ಜಾಗ) ಎಲ್ಲವನ್ನೂ ಒಂದೇ ಡಿಕ್ಷನರಿಯಲ್ಲಿ ಹೆಸರಿಟ್ಟು, ಒಂದರಿಂದ ಇನ್ನೊಂದನ್ನು ಆ ಹೆಸರಿನಿಂದಲೇ ಸೂಚಿಸುವ ಅನುಕೂಲ ದೊರೆಯಿತು. ಈ ತಂಡದ ಡಿಕ್ಷನರಿಯೂ ಹಾಗೆಯೇ ಇತ್ತು: ಕಡ್ಡಾಯವಾದ ವರ್ಶನ್ 1, ದಿನಾಂಕ ಸಮಯಗಳಿರುವ ಒಂದು ಫಾರ್ಮ್ಯಾಟರ್, ಮೊಬೈಲ್ ಸಂಖ್ಯೆಗಳನ್ನು ಮರೆಮಾಚುವ ಒಂದು ಫಿಲ್ಟರ್, 10 ಎಂಬಿಗೊಮ್ಮೆ ಹೊಸ ಫೈಲಿಗೆ ಹೋಗಿ ಹಿಂದಿನ ಐದನ್ನು ಉಳಿಸಿಕೊಳ್ಳುವ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್, ಮತ್ತು ಆ ಫಿಲ್ಟರ್ ಮತ್ತು ಹ್ಯಾಂಡ್ಲರ್ ಎರಡನ್ನೂ ಹೊತ್ತ, ಎಲ್ಲ ಲಾಗರ್‌ಗಳ ಮೂಲವಾದ ರೂಟ್ ಲಾಗರ್. ಓದಿದರೆ ತಪ್ಪು ಕಾಣುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಸಮಸ್ಯೆ

ಪ್ರವೇಶಾತಿಯ ದಿನಗಳಲ್ಲಿ ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. ಕೆಲವು ಪೋಷಕರ ಖಾತೆಯಿಂದ ಹಣ ಕಡಿತವಾಗಿದೆ, ಗೇಟ್‌ವೇಯ ಪಟ್ಟಿಯಲ್ಲಿ ಪಾವತಿ ಯಶಸ್ವಿ ಎಂದೇ ಇದೆ, ಆದರೆ ರಸೀದಿ ಹುಟ್ಟಿಲ್ಲ ಎಂಬುದು ದೂರು. ಎಂಜಿನ್‌ಎಕ್ಸ್‌ನ ಲಾಗ್ ನೋಡಿದರೆ ಪಾವತಿಯಾಯಿತೆಂದು ತಿಳಿಸಲು ಗೇಟ್‌ವೇ ಕಳಿಸಿದ ವೆಬ್‌ಹುಕ್ ಕರೆಗಳು ಸರ್ವರಿಗೆ ತಲುಪಿವೆ, ಸರ್ವರ್ 200, ಅಂದರೆ ‘ಸರಿ’, ಎಂದು ಉತ್ತರವನ್ನೂ ಕೊಟ್ಟಿದೆ. ನಡುವೆ ಏನಾಯಿತು ಎಂಬುದನ್ನು ತಂತ್ರಾಂಶದ ಲಾಗ್ ಹೇಳಬೇಕು. ಆ ಫೈಲನ್ನು ತೆರೆದಾಗ ಅದರಲ್ಲಿ ಇದ್ದದ್ದು ಒಂದೇ ಬಗೆಯ ಸಾಲು: ಪ್ರತಿ ಸಲ ಸೇವೆಯನ್ನು ಮರುಪ್ರಾರಂಭಿಸಿದಾಗಲೂ ‘ಲಾಗಿಂಗ್ ಸಿದ್ಧ’ ಎಂಬ ನಾಲ್ಕು ಸಾಲುಗಳು, ವರ್ಕರ್‌ಗೆ ಒಂದರಂತೆ. ಅದರಾಚೆಗೆ ತಿಂಗಳುಗಳ ಮೌನ.

ಇಷ್ಟು ಕಾಲ ಇದು ಗಮನಕ್ಕೆ ಬಾರದಿರಲು ಕಾರಣಗಳಿವೆ. ಫೈಲು ಖಾಲಿಯಾಗಿರಲಿಲ್ಲ, ಪ್ರತಿ ಬಿಡುಗಡೆಯಲ್ಲೂ ಅದರ ದಿನಾಂಕ ಬದಲಾಗುತ್ತಿತ್ತು, ಆದ್ದರಿಂದ ಫೈಲು ಇದೆಯೇ, ಹೊಸದಾಗಿದೆಯೇ ಎಂದಷ್ಟೇ ನೋಡುವ ಕಾವಲು ಸ್ಕ್ರಿಪ್ಟ್ ತೃಪ್ತವಾಗಿತ್ತು. ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲಿ ಡೀಬಗ್ ಸ್ಥಿತಿಗೆ ಹಳೆಯ ಬೇಸಿಕ್‌ಕಾನ್ಫಿಗ್ ಇನ್ನೂ ಉಳಿದಿತ್ತು. ಅವರು ದಿನವೂ ಲಾಗ್ ನೋಡುತ್ತಿದ್ದರು, ಆದರೆ ಅದು ಈ ಡಿಕ್ಷನರಿಯಿಂದ ಬಂದ ಲಾಗ್ ಅಲ್ಲ. ಪೈಟೆಸ್ಟ್ ಎಂಬ ಸಾಧನದಿಂದ ಓಡಿಸುವ ಪರೀಕ್ಷೆಗಳಲ್ಲಿ ಲಾಗ್ ಸಂದೇಶಗಳನ್ನು ತಾಳೆ ನೋಡುವ ಪರೀಕ್ಷೆಗಳೂ ಇದ್ದವು, ಎಲ್ಲವೂ ಪಾಸಾಗುತ್ತಿದ್ದವು. ಲಾಗ್ ಹಿಡಿಯಲು ಪೈಟೆಸ್ಟ್ ಕೊಡುವ ಕ್ಯಾಪ್‌ಲಾಗ್ ತನ್ನದೇ ಹ್ಯಾಂಡ್ಲರನ್ನು ರೂಟ್ ಲಾಗರಿಗೆ ಕಟ್ಟಿಕೊಳ್ಳುತ್ತದೆ. ಸೇವೆಯ ನಿಜವಾದ ಪ್ರಾರಂಭದ ದಾರಿಯನ್ನು ಪರೀಕ್ಷೆಗಳು ತುಳಿಯದಿದ್ದರೆ ಡಿಕ್ಷನರಿ ಸರಿಯಿದೆಯೇ ಎಂಬುದನ್ನು ಅವು ಹೇಳಲಾರವು.

ಮೊದಲ ಪ್ರಯತ್ನಗಳು

ತಂಡ ಮೊದಲು ಎಲ್ಲರೂ ನೋಡುವ ಕಡೆಗಳಲ್ಲೇ ನೋಡಿತು. ಡಿಸ್ಕ್ ತುಂಬಿರಲಿಲ್ಲ, ಫೈಲಿನ ಅನುಮತಿಗಳು ಸರಿಯಿದ್ದವು. ನಂತರ, ಎಷ್ಟು ಮುಖ್ಯವಾದ ಸಂದೇಶಗಳನ್ನು ಬರೆಯಬೇಕೆಂದು ಹೇಳುವ ಮಟ್ಟಗಳನ್ನೆಲ್ಲ (ಕೆಳಗಿನಿಂದ ಮೇಲಕ್ಕೆ ಡೀಬಗ್, ಇನ್‌ಫೋ, ವಾರ್ನಿಂಗ್, ಎರರ್) ಇನ್‌ಫೋದಿಂದ ಡೀಬಗ್‌ಗೆ ಇಳಿಸಲಾಯಿತು, ಫಲ ಶೂನ್ಯ. ಲಾಗ್ ಬಾರದಿದ್ದಾಗ ಮಟ್ಟವನ್ನು ಇಳಿಸುವುದು ಬಹುತೇಕ ಎಲ್ಲರ ಅಭ್ಯಾಸ. ಆದರೆ ಇಲ್ಲಿ ಕಾಣೆಯಾಗಿದ್ದದ್ದು ಇನ್‌ಫೋ ಸಾಲುಗಳಷ್ಟೇ ಅಲ್ಲ, ಎಕ್ಸೆಪ್ಶನ್‌ಗಳು, ಅಂದರೆ ಕೋಡು ಓಡುವಾಗ ಏಳುವ ದೋಷಗಳು, ಎರರ್ ಮಟ್ಟದಲ್ಲಿ ಬರೆಯಬೇಕಾದ ಸಾಲುಗಳೂ ಕಾಣೆಯಾಗಿದ್ದವು. ಎರರ್ ಕೂಡ ದಾಟದ ಜರಡಿಯಲ್ಲಿ ಕಣ್ಣು ಎಷ್ಟು ಸಣ್ಣದು ಎಂದು ಅಳೆಯುವುದರಿಂದ ಪ್ರಯೋಜನವಿಲ್ಲ.

ಉಪಯೋಗಕ್ಕೆ ಬಂದ ಮೊದಲ ನಿರ್ಧಾರ ತಂಡದ ಅತ್ಯಂತ ಕಿರಿಯ ಡೆವಲಪರ್‌ ಒಬ್ಬರದು. ವೆಬ್‌ಹುಕ್ ಫಂಕ್ಷನ್ನಿನಲ್ಲಿ ಲಾಗರ್ ಕರೆಯ ಪಕ್ಕದಲ್ಲೇ ಅವರು ಒಂದು ಪ್ರಿಂಟ್ ಸಾಲನ್ನು ಸೇರಿಸಿದರು. ‘ಪ್ರೊಡಕ್ಷನ್‌ನಲ್ಲಿ ಪ್ರಿಂಟ್ ಹಾಕೋದಾ?’ ಎಂದು ಹಿರಿಯರೊಬ್ಬರು ಗೊಣಗಿದರಂತೆ. ಆದರೆ ಆ ಪ್ರಿಂಟ್ ತಕ್ಷಣವೇ ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ (ಸೇವೆಗಳು ಮುದ್ರಿಸಿದ್ದನ್ನೆಲ್ಲ ಲಿನಕ್ಸ್ ಕೂಡಿಡುವ ಜಾಗ) ಕಾಣಿಸಿತು, ಅದರ ಕೆಳಗಿನ ಲಾಗರ್ ಸಾಲು ಎಲ್ಲಿಯೂ ಕಾಣಿಸಲಿಲ್ಲ. ಕೋಡು ಅಲ್ಲಿಗೆ ತಲುಪುತ್ತಲೇ ಇಲ್ಲ ಎಂಬ ಊಹೆ ಅಲ್ಲಿಗೆ ಮುಗಿಯಿತು. ಸಂದೇಶ ಹುಟ್ಟುತ್ತಿದೆ, ನಡುದಾರಿಯಲ್ಲಿ ಅದನ್ನು ಏನೋ ನುಂಗುತ್ತಿದೆ ಎಂಬುದು ಸ್ಪಷ್ಟವಾಯಿತು.

ಅಲ್ಲಿಂದ ದಸ್ತಾವೇಜು ಓದಿದ ತಂಡಕ್ಕೆ ಡಿಕ್ಷನರಿಯಲ್ಲಿ ಇಲ್ಲದ ಒಂದು ಕೀ ಸಿಕ್ಕಿತು: ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್. ಇದನ್ನು ಬರೆಯದೆ ಬಿಟ್ಟರೆ ಅದರ ಬೆಲೆ ಟ್ರೂ ಎಂದೇ ಆಗುತ್ತದೆ. ಡಿಕ್ಟ್‌ಕಾನ್ಫಿಗ್ ಕರೆಯುವ ಹೊತ್ತಿಗೆ ಆಗಲೇ ಸೃಷ್ಟಿಯಾಗಿರುವ, ಆದರೆ ಡಿಕ್ಷನರಿಯಲ್ಲಿ ತಮ್ಮ ಹೆಸರಾಗಲಿ ತಮ್ಮ ಮೇಲಿನವರ ಹೆಸರಾಗಲಿ ಇಲ್ಲದ ಲಾಗರ್‌ಗಳೆಲ್ಲ ನಿಷ್ಕ್ರಿಯವಾಗುತ್ತವೆ. ಹಳೆಯ ಫೈಲ್‌ಕಾನ್ಫಿಗ್‌ನ ನಡವಳಿಕೆಯನ್ನೇ ಇಲ್ಲಿಗೂ ತಂದಿರುವುದು ಇದಕ್ಕೆ ಕಾರಣ. ‘ರೂಟ್ ಲಾಗರ್ ಡಿಕ್ಷನರಿಯಲ್ಲಿ ಇದೆಯಲ್ಲ, ಎಲ್ಲ ಲಾಗರ್‌ಗಳಿಗೂ ಅದೇ ಮೂಲವಲ್ಲವೇ?’ ಎಂಬ ಪ್ರಶ್ನೆ ಸಹಜ. ಆದರೆ ಈ ಲೆಕ್ಕಕ್ಕೆ ರೂಟ್ ಬರುವುದಿಲ್ಲ. ಲಾಗರ್ಸ್ ಎಂಬ ಕೀಯ ಕೆಳಗೆ ಹೆಸರಿಸಿದವು ಮತ್ತು ಅವುಗಳ ಮಕ್ಕಳು ಮಾತ್ರ ಉಳಿಯುತ್ತವೆ. ಪ್ರತಿ ಮಾಡ್ಯೂಲಿನ (ಕೋಡ್ ಫೈಲಿನ) ತಲೆಯಲ್ಲೇ ಗೆಟ್‌ಲಾಗರ್ ಕರೆದು ಲಾಗರನ್ನು ಸೃಷ್ಟಿಸುವುದು ಪೈಥಾನ್‌ನ ಒಪ್ಪಿತ ರೂಢಿ. ಈ ಸೇವೆಯಲ್ಲಿ ಮಾಡ್ಯೂಲುಗಳೆಲ್ಲ ಇಂಪೋರ್ಟ್ (ಲೋಡ್) ಆದ ಮೇಲೆ ಡಿಕ್ಟ್‌ಕಾನ್ಫಿಗ್ ಓಡುತ್ತಿತ್ತು, ಆದ್ದರಿಂದ ಪಾವತಿ, ರಸೀದಿ, ವೆಬ್‌ಹುಕ್ ಲಾಗರ್‌ಗಳೆಲ್ಲ ಮಾತು ಕಳೆದುಕೊಂಡವು. ‘ಲಾಗಿಂಗ್ ಸಿದ್ಧ’ ಎಂಬ ಸಾಲಿನ ಲಾಗರ್ ಮಾತ್ರ ಡಿಕ್ಟ್‌ಕಾನ್ಫಿಗ್ ಮುಗಿದ ನಂತರ ಹುಟ್ಟಿದ್ದು. ಅದಕ್ಕೇ ಅದು ಬದುಕಿಕೊಂಡಿತ್ತು.

ಕೀಯನ್ನು ಸೇರಿಸಿ ಫಾಲ್ಸ್ ಎಂದು ಬರೆದು ಪರೀಕ್ಷಾ ಸರ್ವರಿನಲ್ಲಿ ಹಾಕಿದಾಗ ಲಾಗ್ ಧಾರಾಳವಾಗಿ ಬಂತು. ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುವ ನಿಜವಾದ ಸರ್ವರಿಗೆ, ಹಾಕಿದಾಗ ಮತ್ತೆ ಅದೇ ನಾಲ್ಕು ಸಾಲು, ಮತ್ತೆ ಅದೇ ಮೌನ.

ತಿರುವು

ಪರಿಹಾರ ಸರಿಯಾಗಿತ್ತು, ಆದರೆ ಇದ್ದ ತಪ್ಪು ಒಂದಲ್ಲ, ಎರಡು. ಇಂಥ ಹೊತ್ತಿನಲ್ಲಿ ತಂಡಗಳು ಸಾಮಾನ್ಯವಾಗಿ ಸರಿಯಾದ ಪರಿಹಾರವನ್ನೇ ಅನುಮಾನಿಸಿ ಹಿಂದಕ್ಕೆ ತೆಗೆಯುತ್ತವೆ. ಇಲ್ಲಿಯೂ ಆ ಮಾತು ಬಂದಿತ್ತು. ನನಗೆ ಡಿಕ್ಷನರಿಯನ್ನು ಕಳಿಸಿ, ಇದರಲ್ಲಿ ಏನು ತಪ್ಪಿದೆ ಎಂದು ಕೇಳಿದರು. ಡಿಕ್ಷನರಿಯನ್ನು ಬದಿಗಿಟ್ಟು ಪ್ರೊಡಕ್ಷನ್‌ನ ಜರ್ನಲನ್ನು ಕೇಳಿ ಪಡೆದೆ. ಲಾಗ್ ಫೈಲಿನಲ್ಲಿ ಏನು ಇಲ್ಲ ಎಂಬುದನ್ನೇ ಎಲ್ಲರೂ ನೋಡುತ್ತಿದ್ದರು. ಜರ್ನಲ್‌ನಲ್ಲಿ ಏನು ಇದೆ ಎಂಬುದನ್ನು ಯಾರೂ ನಿಧಾನವಾಗಿ ಓದಿರಲಿಲ್ಲ.

ಅದರಲ್ಲಿ ಎರಡು ವಿಚಿತ್ರಗಳಿದ್ದವು. ಗೂನಿಕಾರ್ನ್ ಪ್ರತಿ ವರ್ಕರ್ ಹುಟ್ಟುವಾಗ ‘ಬೂಟಿಂಗ್ ವರ್ಕರ್’ ಎಂದೂ, ಅದು ಮುಗಿಯುವಾಗ ‘ವರ್ಕರ್ ಎಕ್ಸಿಟಿಂಗ್’ ಎಂದೂ ಬರೆಯುತ್ತದೆ. ಇಲ್ಲಿ ಹುಟ್ಟಿನ ಸಾಲುಗಳಿದ್ದವು, ಮುಕ್ತಾಯದ ಸಾಲು ಒಂದೂ ಇರಲಿಲ್ಲ. ಅಂದರೆ ತಂತ್ರಾಂಶದ ಲಾಗರ್‌ಗಳು ಮಾತ್ರವಲ್ಲ, ಗೂನಿಕಾರ್ನ್‌ನ ಸ್ವಂತ ಲಾಗರ್ ಕೂಡ ವರ್ಕರ್ ಹುಟ್ಟಿದ ನಂತರದ ಯಾವುದೋ ಗಳಿಗೆಯಲ್ಲಿ ಬಾಯಿ ಮುಚ್ಚಿದೆ. ತಂಡದ ಡಿಕ್ಷನರಿಯಲ್ಲಿ ಈಗ ಫಾಲ್ಸ್ ಇರುವುದರಿಂದ ಅದು ಈ ಕೆಲಸ ಮಾಡಿರಲಾರದು.

ಎರಡನೆಯ ವಿಚಿತ್ರ ಇನ್ನೂ ಸಣ್ಣದು. ಮರುಪಾವತಿಯ ಮಾಡ್ಯೂಲನ್ನು ಮಾತ್ರ, ಯಾವುದೋ ಚಕ್ರಾಕಾರದ ಇಂಪೋರ್ಟ್ ತಪ್ಪಿಸಲೆಂದು, ಫಂಕ್ಷನ್ನಿನ ಒಳಗೆ ಇಂಪೋರ್ಟ್ ಮಾಡುತ್ತಿದ್ದರು. ಆ ಮಾಡ್ಯೂಲಿನ ಕೆಲವು ಎಚ್ಚರಿಕೆಗಳು ಜರ್ನಲ್‌ನಲ್ಲಿ ಬಿದ್ದಿದ್ದವು. ಆದರೆ ಅವುಗಳ ರೂಪ ತಂಡದ ಫಾರ್ಮ್ಯಾಟರಿನದಲ್ಲ: ಸಮಯವಿಲ್ಲ, ಚೌಕ ಆವರಣದಲ್ಲಿ ಲಾಗರಿನ ಹೆಸರು, ಮತ್ತು ಸಾಲಿನ ತಲೆಯಲ್ಲಿ ವಾರ್ನಿಂಗ್ ಎಂಬ ಇಂಗ್ಲಿಷ್ ಪದದ ಏಳು ಅಕ್ಷರಗಳಲ್ಲಿ ಮೊದಲ ಐದು ಮಾತ್ರ. ಕೊನೆಯ ಎರಡನ್ನು ಯಾರೋ ಕತ್ತರಿಸಿದ ಹಾಗೆ. ಮಟ್ಟದ ಹೆಸರನ್ನು ಐದು ಅಕ್ಷರಕ್ಕೆ ಮೊಟಕುಗೊಳಿಸುವ ಫಾರ್ಮ್ಯಾಟ್ ತಂಡದವರು ಬರೆದದ್ದಲ್ಲ. ಹಾಗೆ ಐದಕ್ಕೆ ಕತ್ತರಿಸಲು ಬಳಸುವ ‘5.5’ ಎಂಬ ಸಂಕೇತವನ್ನು ಇಡೀ ಕೋಡಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಒಂದೇ ಕಡೆ, ಅಲೆಂಬಿಕ್‌ನ ಐಎನ್ಐ ಫೈಲಿನಲ್ಲಿ. ಪ್ರತಿ ಪ್ರಾರಂಭದಲ್ಲೂ ಜರ್ನಲ್‌ನಲ್ಲಿ ಬರುತ್ತಿದ್ದ ಅಲೆಂಬಿಕ್‌ನ ಇನ್‌ಫೋ ಸಾಲುಗಳೂ ಇದೇ ರೂಪದಲ್ಲಿದ್ದವು. ಇನ್‌ಫೋ ಪದ ಐದಕ್ಕಿಂತ ಚಿಕ್ಕದಾದ್ದರಿಂದ ಅಲ್ಲಿ ಕತ್ತರಿ ಕಾಣುತ್ತಿರಲಿಲ್ಲ, ಅಷ್ಟೆ.

ಅಲ್ಲಿಂದ ಮುಂದಿನದು ನೇರ. ಅಲೆಂಬಿಕ್ ಹೊಸ ಯೋಜನೆಗೆ ಒದಗಿಸುವ ಮಾದರಿ ಫೈಲಿನಲ್ಲಿ, ಐಎನ್ಐ ಫೈಲು ಇದ್ದರೆ ಅದನ್ನು ಫೈಲ್‌ಕಾನ್ಫಿಗ್‌ಗೆ ಕೊಡುವ ಸಾಲೊಂದಿದೆ. ಟರ್ಮಿನಲ್‌ನಲ್ಲಿ ಅಲೆಂಬಿಕ್ ಆಜ್ಞೆಯನ್ನು ಕೈಯಿಂದ ಓಡಿಸುವಾಗ ಅದು ಪ್ರತ್ಯೇಕ ಪ್ರಕ್ರಿಯೆ. ತನ್ನ ಲಾಗಿಂಗನ್ನು ತಾನೇ ಹೊಂದಿಸಿಕೊಳ್ಳುವುದು ಸರಿಯಾದದ್ದೇ. ಆದರೆ ಸೇವೆಯ ಒಳಗಿನಿಂದಲೇ ಅದನ್ನು ಕರೆದಾಗ ಆ ಸಾಲು ಓಡುವುದು ಸೇವೆಯ ಪ್ರಕ್ರಿಯೆಯಲ್ಲಿ. ಪೈಥಾನ್ ಪ್ರಕ್ರಿಯೆಯೊಂದಕ್ಕೆ ಲಾಗಿಂಗ್ ವ್ಯವಸ್ಥೆ ಇರುವುದು ಒಂದೇ, ಅದರ ಮೇಲೆ ಕೊನೆಯದಾಗಿ ಕೈಯಿಟ್ಟವರ ಮಾತೇ ನಡೆಯುತ್ತದೆ. ತಂಡದ ಡಿಕ್ಷನರಿ ಅನ್ವಯವಾದ ಮರುಕ್ಷಣವೇ ಅಲೆಂಬಿಕ್‌ನ ಫೈಲ್‌ಕಾನ್ಫಿಗ್ ಬಂದು ಮೂರು ಕೆಲಸ ಮಾಡುತ್ತಿತ್ತು. ರೂಟ್ ಲಾಗರಿನ ಹ್ಯಾಂಡ್ಲರನ್ನು ಕಿತ್ತು ತನ್ನ ಕನ್ಸೋಲ್ ಹ್ಯಾಂಡ್ಲರನ್ನು ಹಾಕುತ್ತಿತ್ತು. ರೂಟ್ ಮಟ್ಟವನ್ನು ವಾರ್ನಿಂಗ್‌ಗೆ ಏರಿಸುತ್ತಿತ್ತು. ತನ್ನ ಐಎನ್ಐಯಲ್ಲಿ ಹೆಸರಿಲ್ಲದ, ಆಗಲೇ ಹುಟ್ಟಿದ್ದ ಎಲ್ಲ ಲಾಗರ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತಿತ್ತು. ಮರುಪಾವತಿಯ ಲಾಗರ್ ಹುಟ್ಟುತ್ತಿದ್ದದ್ದು ಇದಾದ ಮೇಲೆ, ಆದ್ದರಿಂದ ಅದು ಮಾತ್ರ ಬದುಕಿ ಅಲೆಂಬಿಕ್‌ನ ರೂಪದಲ್ಲಿ ಬರೆಯುತ್ತಿತ್ತು. ಪರೀಕ್ಷಾ ಸರ್ವರಿನಲ್ಲಿ ಮೈಗ್ರೇಶನನ್ನು ಕೈಯಿಂದ ಮಾಡುವ ಹಳೆಯ ಪದ್ಧತಿ ಉಳಿದಿತ್ತು, ಆದ್ದರಿಂದ ಅಲ್ಲಿ ಇದು ಕಾಣಿಸಲಿಲ್ಲ.

ಊಹೆಯನ್ನು ಖಚಿತಪಡಿಸಲು ವರ್ಕರ್ ಪ್ರಾರಂಭವಾದ ಬಳಿಕ ಪ್ರತಿ ಲಾಗರಿನ ಹೆಸರು, ಮಟ್ಟ, ನಿಷ್ಕ್ರಿಯವೇ ಅಲ್ಲವೇ, ಹ್ಯಾಂಡ್ಲರ್‌ಗಳು ಯಾವುವು ಎಂಬುದನ್ನು ಜರ್ನಲ್‌ಗೆ ಮುದ್ರಿಸುವ ಸಣ್ಣ ತುಣುಕನ್ನು ಸೇರಿಸಲಾಯಿತು. ಲಾಗಿಂಗ್_ಟ್ರೀ ಎಂಬ ಸಿದ್ಧ ಪ್ಯಾಕೇಜೂ ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಪಟ್ಟಿಯಲ್ಲಿ ಪಾವತಿ, ರಸೀದಿ, ವೆಬ್‌ಹುಕ್, ಗೂನಿಕಾರ್ನ್ ಎಲ್ಲದರ ಮುಂದೆಯೂ ‘ಡಿಸೇಬಲ್ಡ್: ಟ್ರೂ’ ಎಂದಿತ್ತು. ಇದನ್ನು ಮೊದಲ ದಿನವೇ ಮಾಡಿದ್ದರೆ ಮಟ್ಟ, ಡಿಸ್ಕ್, ಅನುಮತಿಗಳ ಸುತ್ತಾಟವೆಲ್ಲ ಉಳಿಯುತ್ತಿತ್ತು.

ಯಾವ ಪರಿಹಾರ

ಇಲ್ಲಿ ತಂಡದಲ್ಲಿ ನಿಜವಾದ ಚರ್ಚೆ ನಡೆಯಿತು. ಮೈಗ್ರೇಶನ್ ಮುಗಿದ ಮೇಲೆ ಡಿಕ್ಟ್‌ಕಾನ್ಫಿಗನ್ನು ಇನ್ನೊಮ್ಮೆ ಕರೆದುಬಿಡೋಣ ಎಂಬುದು ಮೊದಲ ಸಲಹೆ. ಅದು ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಬೇಕು: ಆ ಕೀ ಫಾಲ್ಸ್ ಆಗಿದ್ದರೆ ಡಿಕ್ಟ್‌ಕಾನ್ಫಿಗ್ ಹಿಂದೆ ನಿಷ್ಕ್ರಿಯವಾಗಿದ್ದ ಲಾಗರ್‌ಗಳನ್ನು ಮತ್ತೆ ಸಕ್ರಿಯಗೊಳಿಸುತ್ತದೆ. ಆದರೆ ಹಾಗೆ ಮಾಡಿದರೆ ಕೋಡಿನಲ್ಲಿ ಎರಡು ಒಂದೇ ಬಗೆಯ ಕರೆಗಳು ಉಳಿಯುತ್ತವೆ. ಆರು ತಿಂಗಳ ನಂತರ ಯಾರೋ ಒಬ್ಬರು ಒಂದನ್ನು ಅನಗತ್ಯವೆಂದು ಅಳಿಸುತ್ತಾರೆ, ಅಳಿಸುವುದು ಎರಡನೆಯದನ್ನೇ ಆಗಿರುತ್ತದೆ. ಅಲೆಂಬಿಕ್‌ನ ಮಾದರಿ ಫೈಲಿನಲ್ಲೂ ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್ ಫಾಲ್ಸ್ ಎಂದು ಕೊಡೋಣ ಎಂಬುದು ಎರಡನೆಯ ಸಲಹೆ. ಬಹಳ ಕಡೆ ಸಿಗುವ ಉತ್ತರವೂ ಇದೇ. ಆದರೆ ಇದು ಅರ್ಧ ಔಷಧ: ಲಾಗರ್‌ಗಳು ಬದುಕುತ್ತವೆ, ರೂಟ್‌ನ ಹ್ಯಾಂಡ್ಲರ್ ಮತ್ತು ಮಟ್ಟ ಮಾತ್ರ ಅಲೆಂಬಿಕ್‌ನವೇ ಆಗಿ ಉಳಿಯುತ್ತವೆ. ಆಗ ಎರರ್ ಸಾಲುಗಳು ಸಮಯದ ಗುರುತಿಲ್ಲದೆ ಜರ್ನಲ್‌ಗೆ ಬೀಳುತ್ತವೆ, ಇನ್‌ಫೋ ಸಾಲುಗಳು ಎಲ್ಲಿಗೂ ಬರುವುದಿಲ್ಲ. ಪರಿಹಾರ ಸಿಕ್ಕಿತೆಂಬ ಭ್ರಮೆಯಿಂದ ಇನ್ನಷ್ಟು ಕಾಲ ಕಳೆಯುತ್ತದೆ.

ಕೊನೆಗೆ ಒಪ್ಪಿದ್ದು ಮೈಗ್ರೇಶನನ್ನು ಸೇವೆಯ ಪ್ರಾರಂಭದಿಂದಲೇ ಹೊರಗೆ ತೆಗೆದು, ಬಿಡುಗಡೆಯ ಸ್ಕ್ರಿಪ್ಟ್‌ನಲ್ಲಿ ಒಂದು ಪ್ರತ್ಯೇಕ ಹಂತವಾಗಿ ಮಾಡುವುದನ್ನು. ಲಾಗಿಂಗ್‌ನ ಕಾರಣ ಬಿಟ್ಟರೂ ಇದು ಬೇಕಾಗಿತ್ತು. ನಾಲ್ಕು ವರ್ಕರ್‌ಗಳು ತಂತಮ್ಮಷ್ಟಕ್ಕೆ ತಂತ್ರಾಂಶವನ್ನು ಲೋಡ್ ಮಾಡಿಕೊಳ್ಳುವ ಜೋಡಣೆಯಲ್ಲಿ, ನಾಲ್ಕೂ ಒಂದೇ ಹೊತ್ತಿಗೆ ಒಂದೇ ಡೇಟಾಬೇಸಿನ ರಚನೆಯನ್ನು ಬದಲಿಸಲು ಹೊರಡುವ ಅಪಾಯ ಮೊದಲಿನಿಂದಲೂ ಇತ್ತು. ಪರೀಕ್ಷೆಗಳಿಗಾಗಿ ಅಲೆಂಬಿಕನ್ನು ಒಳಗಿನಿಂದ ಕರೆಯಬೇಕಾದ ಕಡೆ ಮಾತ್ರ, ಕರೆಯುವವರು ಒಂದು ಗುರುತನ್ನು ಕೊಟ್ಟರೆ ಫೈಲ್‌ಕಾನ್ಫಿಗ್ ಸಾಲನ್ನು ದಾಟಿಹೋಗುವಂತೆ ಷರತ್ತು ಸೇರಿಸಲಾಯಿತು. ಡಿಕ್ಷನರಿಯನ್ನು ಅನ್ವಯಿಸುವ ಸಾಲನ್ನು ಇಂಪೋರ್ಟ್‌ಗಳಿಗಿಂತ ಮೊದಲಿಗೆ ತಂದು, ಲ್ಯಾಪ್‌ಟಾಪಿನ ಬೇಸಿಕ್‌ಕಾನ್ಫಿಗನ್ನು ತೆಗೆದುಹಾಕಲಾಯಿತು. ಈಗ ಎಲ್ಲ ಕಡೆ ಒಂದೇ ಡಿಕ್ಷನರಿ. ಮಟ್ಟ ಮಾತ್ರ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆ.

ಲಾಗ್ ಮರಳಿ ಬಂದ ದಿನವೇ ಮೂಲ ದೂರಿನ ಕಾರಣವೂ ಹೊರಬಿತ್ತು. ಗೇಟ್‌ವೇ ಮೊತ್ತವನ್ನು ಪೈಸೆಯಲ್ಲಿ ಕಳಿಸುತ್ತದೆ. ತಂತ್ರಾಂಶ ತನ್ನ ರೂಪಾಯಿ ಮೊತ್ತವನ್ನು ಫ್ಲೋಟ್ ಸಂಖ್ಯೆಯಾಗಿ (ಬಹಳಷ್ಟು ದಶಮಾಂಶಗಳನ್ನು ಅಂದಾಜಾಗಿ ಮಾತ್ರ ಇಡುವ ಬಗೆ) 100ರಿಂದ ಗುಣಿಸಿ, ಪೂರ್ಣಾಂಕಕ್ಕೆ ಕತ್ತರಿಸಿ, ತಾಳೆ ನೋಡುತ್ತಿತ್ತು. ಪೈಥಾನ್‌ನಲ್ಲಿ 19.99ನ್ನು 100ರಿಂದ ಗುಣಿಸಿದರೆ ಬರುವುದು 1998.9999999999998, ಕತ್ತರಿಸಿದರೆ 1998, ಒಂದು ಪೈಸೆ ಕಡಿಮೆ. ದಂಡ ಸೇರಿ ಪೈಸೆಗಳು ಬಂದಿದ್ದ ಕೆಲವು ಮೊತ್ತಗಳಲ್ಲಿ ಹೀಗಾದಾಗ ಕೋಡು ಎಕ್ಸೆಪ್ಶನ್ ಎತ್ತಿ, ಅದನ್ನು ಲಾಗ್‌ಗೆ ಬರೆದು, ಗೇಟ್‌ವೇಗೆ 200 ಎಂದು ಹೇಳಿಬಿಡುತ್ತಿತ್ತು. ಲೆಕ್ಕವನ್ನು, ದಶಮಾಂಶಗಳನ್ನು ನಿಖರವಾಗಿ ಇಡುವ ಡೆಸಿಮಲ್‌ಗೆ ಬದಲಿಸಿದ್ದು ಸಣ್ಣ ಕೆಲಸ. ತಪ್ಪಿಹೋದ ರಸೀದಿಗಳನ್ನು ಗೇಟ್‌ವೇಯ ವರದಿಯೊಂದಿಗೆ ತಾಳೆ ಹಾಕಿ ಹುಟ್ಟಿಸಲಾಯಿತು.

ಮೌನದ ಹಿಂದೆ ಅಡಗಿದ್ದದ್ದು

ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಲಾಗ್ ಬರಲಾರಂಭಿಸಿದ ಮೇಲೆ ಅದನ್ನು ಓದುತ್ತಿದ್ದವರ ಕಣ್ಣಿಗೆ ಪೋಷಕರ ಪೂರ್ತಿ ಮೊಬೈಲ್ ಸಂಖ್ಯೆಗಳು ಬಿದ್ದವು. ಮರೆಮಾಚುವ ಫಿಲ್ಟರ್ ಡಿಕ್ಷನರಿಯಲ್ಲಿ ಇತ್ತು, ಅದಕ್ಕೆ ಪ್ರತ್ಯೇಕ ಪರೀಕ್ಷೆಯೂ ಇತ್ತು. ಅದು ಎಂದೂ ಕೆಲಸ ಮಾಡಿರಲಿಲ್ಲ. ಏನನ್ನೂ ಬರೆಯದ ಲಾಗ್ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲವಾದ್ದರಿಂದ ಅದು ಗೊತ್ತಾಗಿರಲಿಲ್ಲ, ಅಷ್ಟೆ.

ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಉಪಯುಕ್ತ ಭಾಗ ಇದೇ. ಫಿಲ್ಟರನ್ನು ರೂಟ್ ಲಾಗರಿಗೆ ಕಟ್ಟಿದ್ದರು. ಮಕ್ಕಳ ಲಾಗರಿನಲ್ಲಿ ಹುಟ್ಟಿದ ಸಂದೇಶ ಮೇಲಕ್ಕೆ ಹೋಗುವಾಗ ತಂದೆಯ ಹ್ಯಾಂಡ್ಲರ್‌ಗಳಿಗೆ ನೇರವಾಗಿ ತಲುಪುತ್ತದೆ. ತಂದೆಯ ಮಟ್ಟವನ್ನೂ ನೋಡುವುದಿಲ್ಲ, ತಂದೆಯ ಫಿಲ್ಟರನ್ನೂ ಹಾಯುವುದಿಲ್ಲ. ಲಾಗರಿಗೆ ಕಟ್ಟಿದ ಫಿಲ್ಟರ್ ಆ ಲಾಗರಿನ ಮೇಲೆಯೇ ನೇರವಾಗಿ ಬರೆದ ಸಂದೇಶಗಳಿಗೆ ಮಾತ್ರ ಅನ್ವಯ. ರೂಟ್ ಲಾಗರಿನಲ್ಲಿ ನೇರವಾಗಿ ಯಾರೂ ಬರೆಯುತ್ತಿರಲಿಲ್ಲ, ಪರೀಕ್ಷೆಯೊಂದನ್ನು ಬಿಟ್ಟು. ಫಿಲ್ಟರನ್ನು ಹ್ಯಾಂಡ್ಲರಿಗೆ ಸ್ಥಳಾಂತರಿಸಿದಾಗ ಬಹುಪಾಲು ಸಂಖ್ಯೆಗಳು ಮರೆಯಾದವು.

ಬಹುಪಾಲು ಎಂದದ್ದಕ್ಕೆ ಕಾರಣ ಟ್ರೇಸ್‌ಬ್ಯಾಕ್‌ಗಳು, ಅಂದರೆ ಎಕ್ಸೆಪ್ಶನ್ ಕೋಡಿನ ಯಾವ ದಾರಿಯಲ್ಲಿ ಎದ್ದಿತೆಂದು ಹೇಳುವ ಪಠ್ಯ. ಫಿಲ್ಟರ್ ಸಂದೇಶವನ್ನು ತಿದ್ದುತ್ತದೆ. ಎಕ್ಸೆಪ್ಶನ್‌ನ ಪಠ್ಯ ಸೇರಿಕೊಳ್ಳುವುದು ಅದರ ನಂತರ, ಫಾರ್ಮ್ಯಾಟರಿನ ಕೈಯಲ್ಲಿ. ಎಸ್‌ಕ್ಯೂಎಲ್‌ಆಲ್ಕೆಮಿ ತನ್ನ ದೋಷ ಸಂದೇಶದಲ್ಲಿ ಡೇಟಾಬೇಸ್ ಪ್ರಶ್ನೆಗೆ ಕೊಟ್ಟ ಮೌಲ್ಯಗಳನ್ನೂ ಮುದ್ರಿಸುತ್ತದೆ. ಹೈಡ್_ಪ್ಯಾರಾಮೀಟರ್ಸ್ ಎಂಬ ಆಯ್ಕೆಯಿಂದ ಅದನ್ನು ತಡೆಯಬಹುದು, ತಡೆಯಲಾಯಿತು. ಆದರೆ ಒಂದೇ ಮೊಬೈಲ್ ಸಂಖ್ಯೆ ಎರಡು ಬಾರಿ ನೋಂದಣಿಯಾದಾಗ, ಯಾವ ಬೆಲೆ ಆಗಲೇ ಇದೆ ಎಂದು ಪೋಸ್ಟ್‌ಗ್ರೆಸ್ ತಾನೇ ತನ್ನ ವಿವರ ಸಾಲಿನಲ್ಲಿ ಹೇಳುತ್ತದೆ. ಆ ಆಯ್ಕೆ ಇದನ್ನು ಮುಟ್ಟುವುದಿಲ್ಲ. ಹಾಗಾಗಿ ಕೊನೆಗೆ ಮರೆಮಾಚುವ ಕೆಲಸವನ್ನು ಫಾರ್ಮ್ಯಾಟರಿಗೇ ವಹಿಸಲಾಯಿತು: ಪೂರ್ತಿ ಸಾಲು, ಟ್ರೇಸ್‌ಬ್ಯಾಕ್ ಸಮೇತ, ಸಿದ್ಧವಾದ ಬಳಿಕ ಅದರ ಮೇಲೆ ಒಮ್ಮೆ ಮರೆಮಾಚಿ ಹೊರಗೆ ಬಿಡುವ ಸಣ್ಣ ಉಪವರ್ಗ. ಡಿಕ್ಷನರಿಯಲ್ಲಿ ಎರಡು ಖಾಲಿ ಆವರಣ ಚಿಹ್ನೆಗಳೇ ಕೀಯಾಗಿರುವ ವಿಶೇಷ ಸೌಲಭ್ಯವಿದೆ. ಅದರ ಬೆಲೆಯಾಗಿ ನಮ್ಮ ವರ್ಗದ ಹೆಸರನ್ನು ಕೊಟ್ಟರೆ ಡಿಕ್ಟ್‌ಕಾನ್ಫಿಗ್ ಅದನ್ನೇ ಬಳಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಕಾಲೇಜುಗಳೂ ಕೇಳತೊಡಗಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿರಲಿಲ್ಲ. ಆಗಲೇ ಫೈಲಿಗೆ ಬಿದ್ದಿದ್ದ ಸಂಖ್ಯೆಗಳನ್ನು ಸ್ಕ್ರಿಪ್ಟ್‌ನಿಂದ ತಿದ್ದಿ, ಕಾಲೇಜುಗಳಿಗೆ ವಿಷಯ ತಿಳಿಸಲಾಯಿತು.

ಇದೇ ಓದಿನಲ್ಲಿ ರೊಟೇಟಿಂಗ್ ಹ್ಯಾಂಡ್ಲರಿನ ಪ್ರಶ್ನೆಯೂ ಎದ್ದಿತು. ಹಲವು ಪ್ರಕ್ರಿಯೆಗಳು ಒಂದೇ ಫೈಲಿಗೆ ಬರೆಯುವುದನ್ನು ಪೈಥಾನ್‌ನ ಲಾಗಿಂಗ್ ಬೆಂಬಲಿಸುವುದಿಲ್ಲವೆಂದು ದಸ್ತಾವೇಜಿನಲ್ಲೇ ಇದೆ. ಒಂದು ವರ್ಕರ್ ಫೈಲಿನ ಹೆಸರು ಬದಲಿಸಿದಾಗ ಉಳಿದ ಮೂರು ಹಳೆಯ ಫೈಲಿಗೇ ಬರೆಯುತ್ತಿರುತ್ತವೆ. ಮೇಲಾಗಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಭಾರತದೊಳಗೇ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು. 10 ಎಂಬಿಯ ಆರು ಫೈಲುಗಳಲ್ಲಿ ಪ್ರವೇಶಾತಿಯ ದಿನಗಳ ಲಾಗ್ ಅಷ್ಟು ಕಾಲ ನಿಲ್ಲುವುದಿಲ್ಲ. ಹ್ಯಾಂಡ್ಲರನ್ನು ಸರಳಗೊಳಿಸಿ ಎಲ್ಲವನ್ನೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಿಟ್ಟು, ಫೈಲಿಗೆ ಬರೆಯುವ, ದಿನಕ್ಕೊಮ್ಮೆ ತಿರುಗಿಸುವ, ಕಾಪಿಡುವ ಹೊಣೆಯನ್ನು ಆರ್‌ಸಿಸ್‌ಲಾಗ್ ಮತ್ತು ಲಾಗ್‌ರೊಟೇಟ್ ಎಂಬ ಲಿನಕ್ಸ್ ಸಾಧನಗಳಿಗೆ ಕೊಡಲಾಯಿತು.

ಹ್ಯಾಂಡ್ಲರ್ ಇನ್ನೂ ಫೈಲಿಗೇ ಬರೆಯುತ್ತಿದ್ದಾಗ, ವಿಂಡೋಸ್ ಲ್ಯಾಪ್‌ಟಾಪ್ ಬಳಸುವ ಒಬ್ಬರಿಗೆ ಮಾತ್ರ, ಕನ್ನಡದಲ್ಲಿ ಹೆಸರು ದಾಖಲಾಗಿರುವ ವಿದ್ಯಾರ್ಥಿಗಳ ಸಾಲುಗಳು ಫೈಲಿಗೆ ಬರುತ್ತಿರಲಿಲ್ಲ. ಫೈಲ್ ಹ್ಯಾಂಡ್ಲರಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳದಿದ್ದರೆ ಆ ಯಂತ್ರದ ಸ್ಥಳೀಯ ಎನ್‌ಕೋಡಿಂಗ್ ಬಳಕೆಯಾಗಿ, ಕನ್ನಡ ಅಕ್ಷರ ಬಂದಾಗ ದೋಷವಾಗುತ್ತದೆ. ಲಾಗಿಂಗ್ ಆ ದೋಷವನ್ನು ಎರರ್ ಔಟ್‌ಪುಟ್‌ಗೆ ಮುದ್ರಿಸಿ ಸುಮ್ಮನಾಗುತ್ತದೆ, ಸೇವೆಯನ್ನು ನಿಲ್ಲಿಸುವುದಿಲ್ಲ. ಕನ್ನಡ ದತ್ತಾಂಶದೊಂದಿಗೆ ಕೆಲಸ ಮಾಡುವ ಯಾರೇ ಆಗಲಿ ಆ ಒಂದು ಕೀಯನ್ನು ಡಿಕ್ಷನರಿಯಲ್ಲಿ ಬರೆದೇ ಬಿಡುವುದು ಲೇಸು.

ಏನು ಉಳಿಯಿತು

ಇದಾದ ಮೇಲೆ ತಂಡ ಒಂದು ಪರೀಕ್ಷೆಯನ್ನು ಸೇರಿಸಿದೆ. ಅದು ಸೇವೆಯನ್ನು ಪ್ರೊಡಕ್ಷನ್‌ನ ಪ್ರಾರಂಭದ ದಾರಿಯಲ್ಲೇ ಬೇರೆ ಪ್ರಕ್ರಿಯೆಯಾಗಿ ಎಬ್ಬಿಸಿ, ತಂತ್ರಾಂಶದ ಹೆಸರಿನ ಕೆಳಗಿನ ಯಾವ ಲಾಗರೂ ನಿಷ್ಕ್ರಿಯವಾಗಿಲ್ಲ ಎಂದೂ, ರೂಟ್‌ನ ಹ್ಯಾಂಡ್ಲರ್ ಡಿಕ್ಷನರಿಯಲ್ಲಿ ಹೆಸರಿಸಿದ್ದೇ ಎಂದೂ ನೋಡುತ್ತದೆ. ನಂತರ ಮಾಡ್ಯೂಲೊಂದರ ಲಾಗರಿನ ಮೂಲಕ ಸುಳ್ಳು ಮೊಬೈಲ್ ಸಂಖ್ಯೆಯಿರುವ ಎಕ್ಸೆಪ್ಶನ್ ಒಂದನ್ನು ಬರೆಸಿ, ಹೊರಗೆ ಬಂದ ಪಠ್ಯದಲ್ಲಿ ಆ ಸಂಖ್ಯೆ ಇಲ್ಲ, ಸಾಲು ಮಾತ್ರ ಇದೆ ಎಂಬುದನ್ನು ಖಚಿತಪಡಿಸುತ್ತದೆ. ಡಿಕ್ಷನರಿಯ ರೂಪವನ್ನು ಪರೀಕ್ಷಿಸುವ ಹಳೆಯ ಪರೀಕ್ಷೆಗಳನ್ನು ತೆಗೆದುಹಾಕಿದ್ದಾರೆ. ಆ ನಿರ್ಧಾರವನ್ನು ನಾನು ಒಪ್ಪುತ್ತೇನೆ. ಫೈಲಿನ ದಿನಾಂಕ ನೋಡುತ್ತಿದ್ದ ಕಾವಲು ಸ್ಕ್ರಿಪ್ಟ್ ಈಗ ಎಂಜಿನ್‌ಎಕ್ಸ್ ದಾಖಲಿಸಿದ ವೆಬ್‌ಹುಕ್ ಕರೆಗಳ ಸಂಖ್ಯೆಯನ್ನು ತಂತ್ರಾಂಶದ ಲಾಗಿನಲ್ಲಿರುವ ವೆಬ್‌ಹುಕ್ ಸಾಲುಗಳ ಸಂಖ್ಯೆಯೊಂದಿಗೆ ಗಂಟೆಗೊಮ್ಮೆ ತಾಳೆ ನೋಡುತ್ತದೆ. ಎಕ್ಸೆಪ್ಶನ್ ಬಂದರೂ 200 ಎನ್ನುತ್ತಿದ್ದ ವೆಬ್‌ಹುಕ್ ಈಗ 500, ಅಂದರೆ ‘ದೋಷ’, ಎನ್ನುತ್ತದೆ, ಗೇಟ್‌ವೇ ಮತ್ತೆ ಪ್ರಯತ್ನಿಸುತ್ತದೆ.

ಒಂದು ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಲಾಗ್ ಬರೆಯುವ ಹೊರೆ ಪಾವತಿಯ ದಾರಿಯಲ್ಲಿ ಬೀಳದಿರಲಿ ಎಂದು ಸಂದೇಶಗಳನ್ನು ಸರದಿಯಲ್ಲಿ ಇಟ್ಟುಬಿಡುವ ಕ್ಯೂ ಹ್ಯಾಂಡ್ಲರ್ ಬಳಸುವ ಆಲೋಚನೆಯಿದೆ. ಅದನ್ನು, ಸರದಿಯಿಂದ ಸಂದೇಶ ತೆಗೆದು ಬರೆಸುವ ಅದರ ಲಿಸನರ್ ಸಮೇತ, ಡಿಕ್ಷನರಿಯಲ್ಲೇ ಹೇಳುವ ಸೌಲಭ್ಯ ಬಂದಿರುವುದು ಪೈಥಾನ್ 3.12ರಿಂದ, ಅಲ್ಲಿಯೂ ಲಿಸನರನ್ನು ಪ್ರತಿ ವರ್ಕರ್‌ನಲ್ಲಿ ನಾವೇ ಪ್ರಾರಂಭಿಸಬೇಕು, ಮರೆತರೆ ಸಂದೇಶಗಳು ಕ್ಯೂನಲ್ಲೇ ಕುಳಿತಿರುತ್ತವೆ. ತಂಡ ಸದ್ಯ 3.10ರಲ್ಲಿದೆ, ಆವೃತ್ತಿ ಏರಿಸುವವರೆಗೆ ಈ ಬದಲಾವಣೆಯನ್ನು ಮುಟ್ಟುವುದಿಲ್ಲವೆಂದು ನಿರ್ಧರಿಸಿದೆ.